ಮಾತಾಗಲಿ ಮೊದಲ

ಅಕ್ಟೋಬರ್ ಬಂತೆಂದರೆ ವಿಜಯಪುರ ಜಿಲ್ಲೆಯ ದ್ರಾಕ್ಷಿ ತೋಟಗಳಲ್ಲಿ ಚಾಟ್ನಿಯ, ಅಂದರೆ ಬಳ್ಳಿ ಸವರುವ ಕೆಲಸದ, ಅವಸರ. ಇಂಡಿ, ಸಿಂದಗಿ ಕಡೆ ಹೊತ್ತು ಮೂಡುವ ಮೊದಲೇ ಟಂಟಂಗಳು ಆಳು ತುಂಬಿಕೊಂಡು ಓಡುತ್ತವೆ. ಯಂಕಂಚಿಯ ನಮ್ಮ ಬಳಗದವರ ಓಣಿಯಲ್ಲಿ ಅಂಥದೊಂದು ನಸುಕಿನಲ್ಲಿ ಕೇಳಿದ ಮಾತು:

“ಪಗಾರ ಎಷ್ಟ್ರೀ ಸಾವ್ಕಾರ್ರ?”

“ಎಲ್ಲಾರೂ ಕೊಡೂದ ನಾನೂ ಕೊಡ್ತೀನಿ, ಹತ್ತ ಯವ್ವಾ.”

“ಹಂಗಲ್ರೀ, ಮಾತಾಗಲಿ ಮೊದಲ.”

ಬೈಬಲಿನ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲೂ ದ್ರಾಕ್ಷಿ ತೋಟದ ಧಣಿಯೊಬ್ಬ ನಸುಕಿನಲ್ಲೇ ಆಳು ಹುಡುಕಲು ಹೊರಡುತ್ತಾನೆ. ದಿನಕ್ಕೊಂದು ದೆನಾರಿ, ಅಂದರೆ ರೋಮನ್ನರ ಬೆಳ್ಳಿ ನಾಣ್ಯ, ಎಂದು ಮಾತಾಗುತ್ತದೆ. ಹಾಗೆ ಮಾತಾಗುವುದಕ್ಕೆ ಗ್ರೀಕ್ ಮೂಲದಲ್ಲಿರುವ ಪದ ಸುಂಫೋನೆಯೋ. ಸುನ್ ಎಂದರೆ ಕೂಡ, ಫೋನೆ ಎಂದರೆ ದನಿ. ಸಿಂಫನಿಯೂ ಇದೇ ಬೇರಿನದು. ಸ್ವರಗಳ ಹೊಂದಿಕೆಯನ್ನು ಗ್ರೀಕರು ಸುಂಫೋನಿಯಾ ಎನ್ನುತ್ತಿದ್ದರು. ಎಲ್ಲರೂ ಒಂದೇ ದನಿ ಹಿಡಿಯುವುದು ಬೇರೆ, ಬೇರೆ ಬೇರೆ ದನಿಗಳು ಹೊಂದಿ ನಡೆಯುವುದು ಬೇರೆ ಎಂದು ಅರಿಸ್ಟಾಟಲ್ ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ‘ಪಾಲಿಟಿಕ್ಸ್’ನಲ್ಲಿ ಬಿಡಿಸಿಟ್ಟ. ಕಣದಲ್ಲಿ ರಾಶಿ ಮಾಡುವಾಗ ಹಾಡುವ ಹಂತಿ ಪದ ಕೇಳಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮುಂದಾಳು ಎತ್ತಿದ್ದನ್ನು ಉಳಿದವರು ತಮ್ಮ ಕೊರಳಿನಲ್ಲೇ ಹಿಡಿಯುತ್ತಾರೆ, ಅವನ ಕೊರಳಿನಲ್ಲಲ್ಲ.

ಹೊಸ ಒಡಂಬಡಿಕೆಯಲ್ಲಿ ಈ ಕ್ರಿಯಾಪದ ಆರು ಸಲ ಬರುತ್ತದೆ. ಎಲ್ಲ ಕಡೆಯೂ ಒಳಿತಿಗಲ್ಲ. ಅಪೊಸ್ತಲರ ಕೃತ್ಯಗಳಲ್ಲಿ ಅನನೀಯ, ಸಪ್ಫೈರ ಎಂಬ ಗಂಡಹೆಂಡಿರು ಸುಳ್ಳಾಡಲು ಕೂಡಿಕೊಂಡದ್ದಕ್ಕೂ ಇದೇ ಪದ. ಒಪ್ಪಂದವೊಂದು ನ್ಯಾಯವಾದದ್ದೇ ಎಂಬ ಖಾತ್ರಿಯನ್ನು ಪದ ಕೊಡುವುದಿಲ್ಲ. ಎರಡು ದನಿ ಇದ್ದವು ಎಂಬುದನ್ನಷ್ಟೇ ಹೇಳುತ್ತದೆ.

ನಮ್ಮ ಕಡೆ ಆ ಎರಡನೆಯ ದನಿಗೇ ಬರ. ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಕೆಲಸಕ್ಕೆ ಒಂದೇ ಪಗಾರ ಎಂಬ ಕಾಯ್ದೆ 1976ರಲ್ಲೇ ಬಂದರೂ ಹೊಲದ ಬದುವಿನ ಮೇಲೆ ಇನ್ನೂ ಎರಡು ದರ ನಡೆಯುತ್ತಿದೆ. ಅದನ್ನು ಒಪ್ಪಿಗೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ದರ ಗೊತ್ತುಮಾಡುವಾಗ ಹೆಣ್ಣಾಳನ್ನು ಯಾರು ಕೇಳಿದರು? ಓಣಿಯಲ್ಲಿ ನಿಂತು ‘ಹಂಗಲ್ರೀ’ ಎಂದ ಹೆಣ್ಣುಮಗಳು ಅದಕ್ಕೇ ನನಗೆ ದೊಡ್ಡವಳು.

ಮತ್ತಾಯನ ಕಥೆಯಲ್ಲಿ ಮಾತಾದದ್ದು ನಸುಕಿನವರ ಜೊತೆ ಮಾತ್ರ. ಆಮೇಲೆ ಬಂದವರಿಗೆ ಧಣಿ ‘ನ್ಯಾಯವಾದದ್ದು ಕೊಡುತ್ತೇನೆ’ ಎಂದಷ್ಟೇ ಹೇಳಿದ. ಇಳಿಹೊತ್ತಿಗೆ ಬಂದವರಿಗೆ ಎಷ್ಟೆಂದು ಹೇಳಲೇ ಇಲ್ಲ. ಸಂಜೆ ಎಲ್ಲರ ಕೈಗೂ ಒಂದೊಂದೇ ದೆನಾರಿ. ಬಿಸಿಲಲ್ಲಿ ದಿನವಿಡೀ ಬೆಂದವರು ಗೊಣಗಿದರು. ಅವರಲ್ಲೊಬ್ಬನನ್ನು ಧಣಿ ‘ಗೆಳೆಯಾ’ ಎಂದು ಕರೆದು, ದೆನಾರಿಗೇ ಅಲ್ಲವೇ ಮಾತಾದದ್ದು ಎಂದು ಕೇಳುತ್ತಾನೆ. ಧಣಿಯ ಔದಾರ್ಯ ದೊಡ್ಡದೇ. ಆದರೆ ಆ ಆಳು ಏನೆಂದ? ಮತ್ತಾಯ ಅದನ್ನು ಬರೆದಿಲ್ಲ. ನನಗೆ ಕೇಳಬೇಕೆನಿಸುವುದು ಅವನ ಉತ್ತರವೇ.