ದಿಮ್ಮಿಯೂ ದೊಡ್ಡ ಗರಗಸವೂ

ಮದುವೆಗೆ ಬೇಕಾದ ಕೊಪ್ಪರಿಗೆಯನ್ನಾಗಲಿ ಜಮಖಾನೆಯನ್ನಾಗಲಿ ಗೃಹಸ್ಥರು ಕೊಂಡು ಮನೆಯಲ್ಲಿ ತುಂಬಿಕೊಳ್ಳುವುದಿಲ್ಲ. ಬಾಡಿಗೆಗೆ ತಂದು ಹಿಂತಿರುಗಿಸುತ್ತಾರೆ. ದಿಮ್ಮಿ ಕೊಯ್ಯುವ ದೊಡ್ಡ ಗರಗಸದ ಯಂತ್ರವಾದರೋ ಹಾಗೆ ಮನೆಗೆ ಬರತಕ್ಕದ್ದಲ್ಲ. ಅದರ ಬಳಿಗೆ ನಾವೇ ಹೋಗಬೇಕು. ಹೋದರೂ ಅದರ ಯಜಮಾನನು ಒಪ್ಪಬೇಕು.

ಕಳೆದ ಮಳೆಗಾಲದಲ್ಲಿ ನಮ್ಮ ಹಿತ್ತಿಲಿನ ಹಲಸಿನ ಮರವು ಗಾಳಿಗೆ ಉರುಳಿತು. ಅದನ್ನು ನೆಟ್ಟವರು ನಮ್ಮ ಮಾತೃಶ್ರೀಯವರು. "ಒಲೆಗೆ ಹಾಕಬೇಡಿ. ನಾನಿರುವಾಗಲೇ ಒಂದು ಉಯ್ಯಾಲೆಯ ಹಲಗೆ ಮಾಡಿಸಿ" ಎಂದರು. ಅವರಿಗೆ ಈಗ ೮೨ ವರ್ಷ. ಬಡಗಿಯು ಬಂದು ಅಳೆದು, "ಉಯ್ಯಾಲೆ ಮಾಡಿಕೊಡುತ್ತೇನೆ ಸ್ವಾಮಿ, ಎರಡಡಿ ದಪ್ಪದ ದಿಮ್ಮಿಯನ್ನು ಸೀಳುವುದು ನನ್ನಿಂದಾಗದು" ಎಂದನು. ಹಿಂದೆ ಗುಂಡಿಯ ಮೇಲೆ ದಿಮ್ಮಿಯನ್ನಿರಿಸಿ, ಮೇಲೊಬ್ಬನು ಕೆಳಗೊಬ್ಬನು ನಿಂತು ಕೊಯ್ಯುತ್ತಿದ್ದರು. ಅಂತಹ ಕೆಲಸಗಾರರು ನಮ್ಮ ಕಡೆ ಈಗ ಉಳಿದಿಲ್ಲ.

ಮೊದಲು ಹೋದ ಕಾರ್ಖಾನೆಯವರು "ಹಿತ್ತಿಲ ಮರವೇ? ಬೇಡಿ" ಎಂದು ಮುಖ ತಿರುಗಿಸಿದರು. ಹಣ ಕೊಡುವೆವೆಂದರೂ ಕೇಳಲಿಲ್ಲ. ಕಾರಣವನ್ನು ತಿಳಿಸಿದವರು ಎರಡನೆಯ ಕಾರ್ಖಾನೆಯ ವೃದ್ಧ ಯಜಮಾನರು. ಮನೆಯ ಮರಕ್ಕೆ ಬಟ್ಟೆಯ ಹಗ್ಗಕ್ಕೆಂದು, ಚಪ್ಪರಕ್ಕೆಂದು ಮೊಳೆ ಹೊಡೆದಿರುತ್ತಾರೆ. ಮರವು ಬೆಳೆದು ಅವನ್ನು ನುಂಗಿಬಿಡುತ್ತದೆ. ಗರಗಸವೆಂದರೆ ಎರಡು ಚಕ್ರಗಳ ಮೇಲೆ ಓಡುವ, ಕೊನೆಮೊದಲಿಲ್ಲದ ಉಕ್ಕಿನ ಪಟ್ಟಿ. ಒಂದು ಮೊಳೆ ತಗುಲಿದರೆ ಹಲ್ಲುಗಳು ಮುರಿಯುತ್ತವೆ. ಪಟ್ಟಿಯೇ ತುಂಡಾದರೆ ಬಳಿಯಲ್ಲಿರುವವನ ಗತಿಯೇನು? ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ ಎಂಬವನು ೧೮೦೮ರಲ್ಲಿಯೇ ಇಂತಹ ಯಂತ್ರಕ್ಕೆ ಹಕ್ಕುಪತ್ರ ಪಡೆದಿದ್ದರೂ, ಬಾಳುವ ಪಟ್ಟಿಯನ್ನು ಮಾಡಲಾರದೆ ಅದು ಬಹುಕಾಲ ಬಳಕೆಗೆ ಬರಲಿಲ್ಲ. ಮುಖ ತಿರುಗಿಸಿದವರ ಮೇಲೆ ನಮಗಿದ್ದ ಕೋಪವು ಇದನ್ನು ಕೇಳಿದ ಮೇಲೆ ಇಳಿಯಿತು.

ಮನೆಗೆ ಬಂದು ಮಾತೃಶ್ರೀಯವರನ್ನೇ ಕೇಳಿದೆವು. ಅವರು ಕೋಲೂರಿಕೊಂಡು ಹಿತ್ತಿಲಿಗೆ ಬಂದು, ಕರು ಕಟ್ಟುತ್ತಿದ್ದ ಬಳೆ ಇಲ್ಲಿ, ನಿನ್ನ ತೊಟ್ಟಿಲ ಹಗ್ಗದ ಮೊಳೆ ಅಲ್ಲಿ ಎಂದು ತೋರಿಸುತ್ತ ಹೋದರು. ತೋರಿಸಿದೆಡೆಯಲ್ಲೆಲ್ಲ ಬಡಗಿಯು ಉಳಿಯಿಂದ ಕೆತ್ತಿ, ಒಂದು ಬಳೆಯನ್ನೂ ಮೂರು ಮೊಳೆಗಳನ್ನೂ ತೆಗೆದನು. ೧೯೯೬ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಆಜ್ಞೆಯಾದಂದಿನಿಂದ ಗರಗಸದ ಕಾರ್ಖಾನೆಗಳ ಮೇಲೆ ಬಿಗಿ ಹೆಚ್ಚು. ಆದುದರಿಂದ ಮರವು ನಮ್ಮದೆಂಬುದಕ್ಕೆ ಬೇಕಾದ ಕಾಗದಗಳನ್ನೂ ಮಾಡಿಸಿಕೊಂಡೆವು.

ಯಜಮಾನರು ಮೊಳೆಗಳನ್ನು ಅಂಗೈಯಲ್ಲಿಟ್ಟು ನೋಡಿ ನಕ್ಕರು. "ಶನಿವಾರ ಸಂಜೆ ತನ್ನಿ. ಅಂದು ಪಟ್ಟಿಯನ್ನು ಬಿಚ್ಚಿ ಸಾಣೆಗೆ ಕಳುಹಿಸುತ್ತೇವೆ; ಅದಕ್ಕೆ ಮೊದಲು ನಿಮ್ಮದನ್ನು ಕೊಯ್ದುಕೊಡೋಣ. ಪಟ್ಟಿ ಮುರಿದರೆ ಬೆಲೆ ನಿಮ್ಮದು" ಎಂದರು. ಒಪ್ಪಿದೆವು.

ಅರ್ಧ ಗಂಟೆಯ ಕೆಲಸ. ಪಟ್ಟಿಗೇನೂ ಆಗಲಿಲ್ಲ. ಅರಿಸಿನದಂತಹ ಹಲಗೆಗಳು ಹೊರಬಿದ್ದವು. ದಪ್ಪವೆಷ್ಟೆಂದು ಕೇಳಿದಾಗ ಮಾತ್ರ ನಾವು ತಡವರಿಸಿದೆವು. ಉಯ್ಯಾಲೆಗೆ ಎರಡಂಗುಲವೇ ಲೇಸು. ಆದರೆ ಅಂಗುಲಕ್ಕೊಂದು ವರ್ಷ ನೆರಳಿನಲ್ಲಿ ಆರಬೇಕೆಂಬುದು ಬಡಗಿಗಳ ಲೆಕ್ಕ. ಒಂದೂವರೆ ಅಂಗುಲಕ್ಕೆ ಕೊಯ್ಯಿಸಿದೆವು.