ಕಾಣದ ಕಾವಿನ ಲೆಕ್ಕ

ಜಗತ್ತಿನಲ್ಲಿ ಕಣ್ಣಾರೆ ಕಂಡು ತಿಳಿಯುವ ಸಂಗತಿಗಳು ಕೆಲವು. ಲೆಕ್ಕ ಹಾಕಿ ತಿಳಿಯುವವು ಹಲವು. ಕ್ವಾರ್ಕುಗಳ ಕಥೆ ಎರಡನೆಯ ಬಗೆಯದು. ಪರಮಾಣುವಿನ ನಡುವಿರುವ ಪ್ರೋಟಾನ್, ನ್ಯೂಟ್ರಾನ್‌ಗಳ ಒಳಗೆ ಕ್ವಾರ್ಕುಗಳಿವೆ. ಅವು ಎಂದೂ ಒಂಟಿಯಾಗಿ ಹೊರಬರುವುದಿಲ್ಲ. ಆದರೆ ಕಾವು ಮಿತಿಮೀರಿದರೆ ಆ ಸೆರೆ ಕರಗಿ, ಕ್ವಾರ್ಕುಗಳು ಒಂದು ಬಗೆಯ ದ್ರವದಂತೆ ಹರಿಯುತ್ತವೆ. ವಿಶ್ವವು ಹುಟ್ಟಿದ ಮೊದಲ ಕೆಲವು ಮೈಕ್ರೋಸೆಕೆಂಡುಗಳಲ್ಲಿ ಹೀಗೆಯೇ ಇದ್ದಿತೆಂದು ವಿಜ್ಞಾನಿಗಳು ಹೇಳುತ್ತಾರೆ.

ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ಇದನ್ನು ಓದಿ, ರಜೆಯಲ್ಲಿ ಕಂಪ್ಲಿಗೆ ಹೋದಾಗ ತಂದೆಯವರಿಗೆ ಹೇಳಿದೆ. "ಅದನ್ನ ಯಾರು ನೋಡ್ಯಾರಪ್ಪ? ಬರೇ ಲೆಕ್ಕ ಹಾಕಿ ಹೇಳಿದ್ರ ನಂಬೋದು ಹೆಂಗ?" ಎಂದರು. ಅವರು ಭತ್ತ ಬೆಳೆಯುವವರು, ಅಕ್ಷರ ಬಲ್ಲವರಲ್ಲ. ತೂಕ, ಬಡ್ಡಿ, ಬಾಕಿಗಳೆಲ್ಲ ಪರರ ಖಾತೆಪುಸ್ತಕದಲ್ಲಿ. ಕೆಳಗೆ ಇವರ ಹೆಬ್ಬೆಟ್ಟು. ಆ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿರಲಿಲ್ಲ.

ಲೆಕ್ಕದ ರೀತಿ ಹೀಗಿದೆ. 1974ರಲ್ಲಿ ಕೆನೆತ್ ವಿಲ್ಸನ್ ಎಂಬ ವಿಜ್ಞಾನಿ ದೇಶಕಾಲಗಳನ್ನು ಒಂದು ಬಲೆಯಂತೆ ಭಾವಿಸಿದ. ಗಂಟುಗಳಲ್ಲಿ ಕ್ವಾರ್ಕು, ದಾರಗಳಲ್ಲಿ ಅವುಗಳನ್ನು ಬಂಧಿಸುವ ಬಲ. ಆದರೂ ಆ ಬಲೆಯ ಸ್ಥಿತಿಗಳು ಎಣಿಕೆಗೆ ಮೀರಿದವು. ವರ್ತಕನು ಚೀಲಕ್ಕೆ ಕೊಳವೆ ಚುಚ್ಚಿ, ಹಿಡಿ ಕಾಳಿನಿಂದ ಚೀಲದ ಗುಣ ತಿಳಿಯುವಂತೆ, ಗಣಕಯಂತ್ರವು ಕೆಲವು ಸ್ಥಿತಿಗಳನ್ನು ಆರಿಸಿ ಸರಾಸರಿ ತೆಗೆಯುತ್ತದೆ. ಬಳಿಕ ಬಲೆಯ ಕಣ್ಣುಗಳನ್ನು ಕಿರಿದಾಗಿಸುತ್ತ ಮತ್ತೆ ಮತ್ತೆ ಎಣಿಸುತ್ತಾರೆ.

ದ್ರವ್ಯ, ಪ್ರತಿದ್ರವ್ಯಗಳು ಸರಿಸಮವಾಗಿದ್ದಾಗ ಈ ಮಾರ್ಪಾಡು ಥಟ್ಟನೆ ಆಗುವುದಿಲ್ಲ, ಬೆಣ್ಣೆ ಮೆತ್ತಗಾಗುವಂತೆ ಮೆಲ್ಲನೆ ಆಗುತ್ತದೆಂದು 2006ರಲ್ಲಿ ಹೀಗೆ ತಿಳಿಯಿತು. 2019ರಲ್ಲಿ ಹಾಟ್‌ಕ್ಯೂಸಿಡಿ ಎಂಬ ಬಹುದೇಶೀಯ ತಂಡವು ಅದರ ಕಾವನ್ನು 156.5 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಎಂದು ಪ್ರಕಟಿಸಿತು; ಅಂದರೆ ಸುಮಾರು 1.8 ಲಕ್ಷ ಕೋಟಿ ಡಿಗ್ರಿ, ಸೂರ್ಯನ ಒಡಲಿನ ಕಾವಿನ ಲಕ್ಷ ಪಟ್ಟಿಗೂ ಮಿಗಿಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಸಾದ್ ಹೆಗ್ಡೆಯವರು ಆ ತಂಡದಲ್ಲಿದ್ದರೆಂಬುದು ನಮಗೆ ಹೆಮ್ಮೆಯ ಮಾತು.

ಆದರೆ ನನ್ನ ಮನಸ್ಸನ್ನು ಸೆಳೆದದ್ದು ಆ ದೊಡ್ಡ ಅಂಕಿಯಲ್ಲ, ಅದರ ಪಕ್ಕದಲ್ಲಿದ್ದ ಪುಟ್ಟ ಅಂಕಿ: 1.5ರಷ್ಟು ಹೆಚ್ಚುಕಡಿಮೆ ಇರಬಹುದೆಂಬ ಬರಹ. 2020ರಲ್ಲಿ ಬೇರೊಂದು ತಂಡ ತಾನೇ ಎಣಿಸಿದಾಗ 158 ಬಂದಿತು, ಹೆಚ್ಚುಕಡಿಮೆ 0.6. ಜಿನೀವಾ ಬಳಿಯ ಸರ್ನ್‌ನಲ್ಲಿ ಸೀಸದ ಪರಮಾಣುಬೀಜಗಳನ್ನು ಡಿಕ್ಕಿ ಹೊಡೆಸಿ, ಹೊರಬಿದ್ದ ಕಣಗಳ ಎಣಿಕೆಯಿಂದ ಕಂಡುಕೊಂಡ ಕಾವೂ 156ರ ಆಸುಪಾಸು. ತಾನೆಷ್ಟು ತಪ್ಪಿರಬಹುದೆಂದು ತಾನೇ ಬರೆದಿಡುವ ಖಾತೆ, ಯಾರು ಬೇಕಾದರೂ ಮರಳಿ ಕೂಡಿಸಬಹುದಾದ ಖಾತೆ!

ಮಿತ್ರರೇ, ನಾವು ಓದುವ ಚರಿತ್ರೆ, ಅರ್ಥಶಾಸ್ತ್ರಗಳಲ್ಲಿಯೂ ಅಂಕಿಗಳು ಬೇಕಾದಷ್ಟಿವೆ. ನಾಳೆ ಪದವೀಧರರಾಗಿ ಕಚೇರಿಗಳಲ್ಲಿ ಕುಳಿತು ಜನರ ಲೆಕ್ಕ ಬರೆಯುವವರೂ ನಮ್ಮಲ್ಲೇ ಕೆಲವರು. ಆಗ ನಾವು ಬರೆದುದನ್ನು ಎದುರಿಗೆ ನಿಂತವನು ಮರಳಿ ಎಣಿಸಿ ನೋಡಲು ಆಗುವಂತಿರಲಿ. ವಿದ್ಯೆಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲವೆಂದು ನನ್ನ ನಂಬಿಕೆ.