ದಮ್ಮು ಎಂಬ ಪದ

ಆಟದ ಬಯಲಿನ ಹಿಂದೆ, ಹೊಂಗೆಮರದ ಮರೆಯಲ್ಲಿ ನಡೆಯುತ್ತಿದ್ದ ವ್ಯವಹಾರ ಮೇಷ್ಟರಿಗೆ ಗೊತ್ತಿರಲಿಲ್ಲವೆಂದು ನಿಮ್ಮಲ್ಲಿ ಕೆಲವರು ಇಂದಿಗೂ ನಂಬಿರಬಹುದು. ಹೊಗೆ ಕಾಣುವ ಮುನ್ನವೇ ನಿಮ್ಮ ಮಾತು ನಿಮ್ಮನ್ನು ಹಿಡಿದುಕೊಡುತ್ತಿತ್ತು. ಸಿಗರೇಟಿನ ಹೆಸರನ್ನು ಹೇಳದೆ ಸಿಗರೇಟಿನ ಮಾತಾಡುವುದು ಎಲ್ಲ ದೇಶಗಳ ಹುಡುಗರಿಗೂ ಬರುವ ವಿದ್ಯೆ.

ಇಂಗ್ಲಿಷರ 'ಫ್ಯಾಗ್' ಎಂಬ ಪದವನ್ನೇ ನೋಡಿ. ಬಟ್ಟೆಯ ಕೊನೆಯಲ್ಲಿ ಉಳಿಯುವ ಒರಟು ಅಂಚಿಗೆ ಅವರು 'ಫ್ಯಾಗ್ ಎಂಡ್' ಎನ್ನುತ್ತಿದ್ದರು. ಆ ಹೆಸರು ಸೇದಿ ಉಳಿದ ತುಂಡಿಗೆ ಅಂಟಿಕೊಂಡು, 19ನೆಯ ಶತಮಾನದ ಕೊನೆಯ ಹೊತ್ತಿಗೆ ಇಡೀ ಸಿಗರೇಟಿಗೇ ಸಂದಿತು. ಅದೇ ಕಾಲದಲ್ಲಿ ಅಮೆರಿಕನ್ನರು ಅದನ್ನು 'ಶವಪೆಟ್ಟಿಗೆಯ ಮೊಳೆ' ಎಂದು ಕರೆದು ನಗುತ್ತಿದ್ದರು. ಡಾಲ್ ಮತ್ತು ಹಿಲ್ ಎಂಬ ವಿಜ್ಞಾನಿಗಳು ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಬ್ರಿಟನ್ನಿನಲ್ಲಿ ತೋರಿಸಿಕೊಟ್ಟದ್ದು 1950ರಲ್ಲಿ. ಬೀದಿಯ ಮಾತು ಅದಕ್ಕಿಂತ ಅರ್ಧ ಶತಮಾನಕ್ಕೂ ಹೆಚ್ಚು ಮುಂದಿತ್ತು!

ನಮ್ಮ 'ಬೀಡಿ'ಯ ಕುಲ ದೊಡ್ಡದು. ಸಂಸ್ಕೃತದ 'ವೀಟಿಕಾ' ಎಂದರೆ ತಾಂಬೂಲದ ಸುರುಳಿ. ಮದುವೆಮನೆಯ ಬೀಡವೂ ಕಟ್ಟೆಯ ಮೇಲಿನ ಬೀಡಿಯೂ ದಾಯಾದಿಗಳು. ಇತ್ತೀಚಿನ ಹುಡುಗರ 'ಸುಟ್ಟಾ' ಹಿಂದಿಯಿಂದ ಬಂದದ್ದಾದರೂ ಕನ್ನಡದ ಕಿವಿಗೆ ಬೇರೆಯೇ ಅರ್ಥ ಕೊಡುತ್ತದೆ.

ಆದರೆ ನನ್ನನ್ನು ಬಹುಕಾಲ ಕಾಡಿದ ಪದ 'ದಮ್ಮು'. ಪಾರಸಿಯಲ್ಲಿ 'ದಮ್' ಎಂದರೆ ಉಸಿರು. ಬಾಯಿ ಮುಚ್ಚಿದ ಪಾತ್ರೆಯಲ್ಲಿ ಬೇಯುವ ಬಿರಿಯಾನಿಗೂ, 'ದಮ್ಮಿದ್ದರೆ ಬಾ' ಎಂಬ ಸವಾಲಿಗೂ ಅದೇ ಮೂಲ. ಬೀಡಿಯ ಒಂದು ಎಳೆತವೂ ದಮ್ಮು. ನಮ್ಮ ಹಳ್ಳಿಗಳಲ್ಲಿ ಉಬ್ಬಸರೋಗವೂ ದಮ್ಮೇ.

ನಮ್ಮ ಅಣ್ಣಯ್ಯನನ್ನು ಬಂಧುಗಳೆಲ್ಲ ಬಲ್ಲಿರಿ. ಗದ್ದೆಯ ಬದುವಿನಲ್ಲಿ ನೇಗಿಲು ನಿಲ್ಲಿಸಿ, "ಒಂದು ದಮ್ ಎಳೆದು ಬರ್ತೀನಿ ಕಣೋ" ಎನ್ನುತ್ತಿದ್ದ. ಅರವತ್ತು ದಾಟಿದ ಮೇಲೆ ರಾತ್ರಿಯೆಲ್ಲ ದಿಂಬಿಗೊರಗಿ ಕುಳಿತೇ ಬೆಳಗು ಮಾಡುವಂತಾಯಿತು. ಒಮ್ಮೆ ಪಟ್ಟಣದ ಆಸ್ಪತ್ರೆಗೆ ನಾನೇ ಕರೆದೊಯ್ದಿದ್ದೆ. ಚಿಕ್ಕ ವಯಸ್ಸಿನ ವೈದ್ಯರು, "ಯಜಮಾನರೇ, ದಮ್ಮು ಎಷ್ಟು ವರ್ಷದಿಂದ ಇದೆ?" ಎಂದು ಕೇಳಿದರು.

"ಹದಿನಾರನೇ ವಯಸ್ಸಿನಿಂದ, ಸ್ವಾಮಿ" ಎಂದ ಅಣ್ಣಯ್ಯ, ಬೀಡಿಯ ಲೆಕ್ಕ ಹಿಡಿದು.

ವೈದ್ಯರು ಹಾಗೆಯೇ ಬರೆದುಕೊಂಡರು. ಮರುವರ್ಷದ ಸುಗ್ಗಿಗೆ ಅಣ್ಣಯ್ಯ ಇರಲಿಲ್ಲ.